ಕಿಟೀಜಿ ಕಸದ ಗುಡ್ಡ ಏಕೆ ಕುಸಿಯಿತು? ಕಂಪಾಲಾದ ಕಸ ಮತ್ತು ಅದರೊಳಗಿನ ನೀರು

ಪ್ರಶ್ನೆ: ನಾವು ಉಗಾಂಡದ ರಾಜಧಾನಿ ಕಂಪಾಲಾದಲ್ಲಿ 24 ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇವೆ. 2024ರ ಆಗಸ್ಟ್‌ನಲ್ಲಿ ಕಿಟೀಜಿಯ ಕಸದ ಗುಡ್ಡ ಕುಸಿದು ಜನ ಸತ್ತರು. ಅದು ಯಾರೋ ಎಲ್ಲೋ ಸುರಿದ ತಿಪ್ಪೆಯಲ್ಲ, ಯೋಜನೆ ಮಾಡಿ ಕಟ್ಟಿದ ಜಾಗ ಎನ್ನುತ್ತಾರೆ. ಹಾಗಿದ್ದೂ ಏಕೆ ಕುಸಿಯಿತು? ಕಸ ಸುಟ್ಟು ವಿದ್ಯುತ್ ಮಾಡಿದರೆ ಈ ಕಾಟ ಮುಗಿಯುವುದಿಲ್ಲವೆ? ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದ್ದರೂ ಅಂಗಡಿಗಳಲ್ಲಿ ಏಕೆ ಸಿಗುತ್ತಿದೆ? ನಮ್ಮ 24 ಮನೆಗಳವರು ಏನು ಮಾಡಬಹುದು?

ಉತ್ತರ: ನಿಮ್ಮ ನಾಲ್ಕೂ ಪ್ರಶ್ನೆಗಳ ಉತ್ತರದಲ್ಲಿ ನೀರು ಬಂದೇ ಬರುತ್ತದೆ. ಕಂಪಾಲಾದ ಕಸದಲ್ಲಿ ಬಹುಪಾಲು ಹಸಿ ಕಸ, ಅದರಲ್ಲೂ ಮಟೋಕೆ ಎಂಬ ಅಡುಗೆ ಬಾಳೆಯ ಸಿಪ್ಪೆ. ಕಾಯಿಯ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಸಿಪ್ಪೆಯಾಗಿ ಹೊರಗೆ ಬೀಳುತ್ತದೆ. ಆ ಸಿಪ್ಪೆಯಲ್ಲಿ 80 ಶೇಕಡಾಕ್ಕೂ ಹೆಚ್ಚು ನೀರು. ಇದರ ಮೇಲೆ ಮಾರ್ಚ್‌ನಿಂದ ಮೇವರೆಗೆ ಒಂದು ಮಳೆಗಾಲ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಇನ್ನೊಂದು. ಲಾರಿ ಹೊರುವುದೂ ನೀರನ್ನೇ, ಗುಡ್ಡ ಕುಡಿಯುವುದೂ ನೀರನ್ನೇ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮಾಡುವ ಯೋಜನೆ ಎಷ್ಟು ದುಬಾರಿಯದಾದರೂ ಅಲ್ಲಿ ನಿಲ್ಲುವುದಿಲ್ಲ.

ಮೊದಲು ಕಿಟೀಜಿ. ನಗರದ ಉತ್ತರಕ್ಕೆ, ವಾಕಿಸೊ ಜಿಲ್ಲೆಗೆ ಸೇರಿದ ಸುಮಾರು 36 ಎಕರೆ ಜಾಗ. 1996ರಲ್ಲಿ ವಿಶ್ವ ಬ್ಯಾಂಕಿನ ಹಣದಿಂದ ಸಜ್ಜಾಯಿತು. ಲೀಚೆಟ್, ಅಂದರೆ ಕಸದಿಂದ ಜಿನುಗುವ ಕೊಳೆನೀರನ್ನು ಶುದ್ಧಗೊಳಿಸುವ ವ್ಯವಸ್ಥೆಯೂ ಇತ್ತು. ಹಾಗಾಗಿ ಅದು ಯೋಜಿತ ಜಾಗ ಎಂದು ನೀವು ಕೇಳಿದ್ದು ನಿಜ. ಆದರೆ ಜಾಗ ತುಂಬಿದೆ ಎಂದು ನಗರಾಡಳಿತವೇ ಹೇಳುತ್ತಿದ್ದ ಕಾಲದಲ್ಲೂ ಸುರಿಯುವುದು ನಿಲ್ಲಲಿಲ್ಲ, ಏಕೆಂದರೆ ಬೇರೆ ಜಾಗ ಸಿದ್ಧವಿರಲಿಲ್ಲ.

ಒಂದು ಸರಳ ಲೆಕ್ಕ ಹಾಕಿ. ದಿನಕ್ಕೆ 1,200 ಟನ್ ಬರುತ್ತದೆ ಎಂದು ಹಿಡಿಯಿರಿ. ಒತ್ತಿ ಕೂರಿಸಿದ ಕಸ ಒಂದು ಘನ ಮೀಟರಿಗೆ 0.7 ಟನ್ ತೂಗಿದರೆ ಅದು ಸುಮಾರು 1,700 ಘನ ಮೀಟರ್. 36 ಎಕರೆಯ ಮೇಲೆ ಸಮವಾಗಿ ಹರಡಿದರೂ ದಿನಕ್ಕೆ ಒಂದು ಸೆಂಟಿಮೀಟರ್‌ಗೂ ಮಿಗಿಲು, ವರ್ಷಕ್ಕೆ ನಾಲ್ಕು ಮೀಟರ್‌ಗೂ ಮಿಗಿಲು ಏರುತ್ತದೆ. ಕೊಳೆತು ಸ್ವಲ್ಪ ಕುಗ್ಗುತ್ತದೆ, ನಿಜ. ಆದರೆ ಗುಡ್ಡ ಮೇಲಕ್ಕೆ ಹೋದಂತೆ ನೆತ್ತಿಯ ಅಗಲ ಕಿರಿದಾಗುತ್ತದೆ, ಅಷ್ಟೇ ಕಸಕ್ಕೆ ಎತ್ತರ ಇನ್ನೂ ಬೇಗ ಏರುತ್ತದೆ. ಹೀಗೆ ಕಾಲು ಶತಮಾನ ದಾಟಿತು. ಜಾಗ ಸಾಲದಾದಾಗ ಇಳಿಜಾರು ಕಡಿದಾಗುತ್ತದೆ, ಬುಡ ಬೇಲಿಗೆ ತಾಗುತ್ತದೆ, ಬೇಲಿಯಾಚೆ ಮನೆಗಳು ಬರುತ್ತವೆ. 2024ರ ಆಗಸ್ಟ್ 10ರ ಶನಿವಾರ ಬೆಳಗ್ಗೆ, ಜೋರು ಮಳೆಯ ನಂತರ ಒಂದು ಪಾರ್ಶ್ವ ಜಾರಿ ಕೆಳಗಿನ ಮನೆಗಳ ಮೇಲೆ ಬಿತ್ತು. ಸಿಕ್ಕ ಶವಗಳೇ 35. ಮುಂದಿನ ತಿಂಗಳು ನಗರಾಡಳಿತ ಕೆಸಿಸಿಎಯ ಮೂವರು ಹಿರಿಯ ಅಧಿಕಾರಿಗಳನ್ನು ದೇಶದ ಅಧ್ಯಕ್ಷರು ವಜಾ ಮಾಡಿದರು.

ಕಸದ ಗುಡ್ಡ ನಿಲ್ಲುವುದು ಎರಡು ಬಲಗಳಿಂದ. ತುಣುಕುಗಳು ಒಂದನ್ನೊಂದು ಒತ್ತಿಕೊಂಡು ಉಂಟಾಗುವ ಘರ್ಷಣೆ ಒಂದು. ಪ್ಲಾಸ್ಟಿಕ್, ಬಟ್ಟೆ, ನಾರುಗಳು ಹೆಣೆದುಕೊಂಡು ಕೊಡುವ ಹಿಡಿತ ಇನ್ನೊಂದು. ಒಳಗಿನ ಸಂದುಗಳಲ್ಲಿ ನೀರು ತುಂಬಿದಾಗ ಮೇಲಿನ ಭಾರದಲ್ಲಿ ಒಂದು ಪಾಲನ್ನು ನೀರೇ ಹೊರುತ್ತದೆ. ಆಗ ತುಣುಕುಗಳ ನಡುವಿನ ಒತ್ತಡ ಇಳಿಯುತ್ತದೆ, ಘರ್ಷಣೆಯೂ ಇಳಿಯುತ್ತದೆ. ಹೊರಕ್ಕೆ ದಾರಿಯಿಲ್ಲದ ಮೀಥೇನ್ ಅನಿಲ ಅದೇ ಕೆಲಸವನ್ನು ಇನ್ನಷ್ಟು ಮುಂದುವರಿಸುತ್ತದೆ. ಮಳೆ ಹೊಸ ತೂಕ ಸೇರಿಸುತ್ತದೆ, ಹಿಡಿತವನ್ನು ಕಳೆಯುತ್ತದೆ. ಎರಡೂ ಒಂದೇ ರಾತ್ರಿಯಲ್ಲಿ. ಕರ್ನಾಟಕದವರಿಗೆ ಇದು ಹೊಸದಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸ ಜಾರಿ ಮಂದಾರದ ಮನೆ, ಅಡಿಕೆ ತೋಟಗಳನ್ನು ಮುಚ್ಚಿದ್ದು ಇದೇ ರೀತಿ. ಮೊಜಾಂಬಿಕ್‌ನ ಮಪುಟೊದಲ್ಲಿ 2018ರ ಫೆಬ್ರವರಿಯಲ್ಲಿ ಹುಲೆನೆ ಗುಡ್ಡ ಕುಸಿದದ್ದೂ ಭಾರೀ ಮಳೆಯಲ್ಲಿ.

ಇಂಥ ಗುಡ್ಡ ಮುನ್ಸೂಚನೆ ಕೊಡದೆ ಬೀಳುವುದು ಅಪರೂಪ. ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಬರುತ್ತದೆ. ಇಳಿಜಾರಿನ ನಡುವೆ, ಹಿಂದೆ ಒಣಗಿದ್ದ ಕಡೆ ಕಪ್ಪು ನೀರು ಒಸರತೊಡಗುತ್ತದೆ. ಬುಡ ಹೊರಕ್ಕೆ ಉಬ್ಬುತ್ತದೆ, ಅಲ್ಲಿನ ಕಂಬ, ಬೇಲಿ ವಾಲುತ್ತವೆ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ಅಂತರವನ್ನು ದಿನಕ್ಕೆರಡು ಸಲ ಅಳೆದು ಬರೆದಿಡುವುದಕ್ಕೆ ಒಂದು ಟೇಪು, ಒಂದು ಪುಸ್ತಕ ಸಾಕು. ಅಂತರ ದಿನದಿಂದ ದಿನಕ್ಕೆ ಹೆಚ್ಚು ವೇಗವಾಗಿ ಬೆಳೆಯುತ್ತಿದ್ದರೆ ಬುಡದ ಮನೆಗಳನ್ನು ಅಂದೇ ತೆರವು ಮಾಡಬೇಕು, ತಜ್ಞರ ವರದಿಗೆ ಕಾಯಬಾರದು. ಮಳೆಮಾಪಕವೊಂದನ್ನೂ ಅಲ್ಲೇ ಇಡಬೇಕು. ಈ ಕೆಲಸಕ್ಕೆ ಹೆಸರು ಹಿಡಿದು ಒಬ್ಬ ನೌಕರರನ್ನು ನೇಮಿಸದ ಯಾವ ನಗರವೂ ತನ್ನ ಕಸದ ಗುಡ್ಡ ಸುರಕ್ಷಿತ ಎಂದು ಹೇಳಬಾರದು.

ಹಳೆಯ ಗುಡ್ಡವನ್ನು ಸರಿಪಡಿಸುವಾಗ ಆಗುವ ದೊಡ್ಡ ತಪ್ಪು ಬುಡದಿಂದ ಅಗೆಯುವುದು. ಬುಡದ ಕಸವೇ ಮೇಲಿನದ್ದನ್ನು ತಡೆದು ನಿಲ್ಲಿಸಿರುತ್ತದೆ. ಕೆಲಸ ನೆತ್ತಿಯಿಂದ ಶುರುವಾಗಬೇಕು: ಮೇಲಿನ ಭಾರ ಇಳಿಸಿ, ಇಳಿಜಾರನ್ನು ಮೂರಕ್ಕೆ ಒಂದು, ಅಂದರೆ ಮೂರು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಎತ್ತರದಷ್ಟು ಸಪಾಟು ಮಾಡಿ, ಐದಾರು ಮೀಟರ್ ಎತ್ತರಕ್ಕೊಂದು ಮೆಟ್ಟಿಲು ಬಿಡಬೇಕು. ಪ್ರತಿ ಮೆಟ್ಟಿಲೂ ಒಳಮುಖವಾಗಿ ವಾಲಿ, ಚರಂಡಿಯ ಮೂಲಕ ಮಳೆನೀರನ್ನು ಪಕ್ಕಕ್ಕೆ ಒಯ್ಯಬೇಕು. ಸುತ್ತಲಿನ ಎತ್ತರದ ನೆಲದಿಂದ ಬರುವ ನೀರು ಕಸವನ್ನು ಮುಟ್ಟುವ ಮೊದಲೇ ಬೇರೆ ಕಾಲುವೆಗೆ ತಿರುಗಬೇಕು. ಒಳಗಿನ ಲೀಚೆಟ್ ಮಟ್ಟವನ್ನು ರಂಧ್ರವಿರುವ ಕೊಳವೆ ಇಳಿಸಿ ಅಳೆದು ಪಂಪ್ ಮಾಡಬೇಕು. ಅನಿಲಕ್ಕೆ ಕೊಳವೆ, ಮೇಲೆ ಜೇಡಿಮಣ್ಣಿನ ಹೊದಿಕೆ, ಆಮೇಲೆ ಹುಲ್ಲು. ಅಗೆದು ಜರಡಿ ಹಿಡಿದು ಜಾಗ ತೆರವು ಮಾಡುವ ಬಯೋಮೈನಿಂಗ್ ಭಾರತದ ಹಲವು ನಗರಗಳಲ್ಲಿ ನಡೆದಿದೆ. ಆದರೆ ನೀರು ತುಂಬಿ ಅನಿಲ ಕಟ್ಟಿಕೊಂಡಿರುವ ಗುಡ್ಡದಲ್ಲಿ ಅದನ್ನು ಮೊದಲ ಹೆಜ್ಜೆಯಾಗಿ ಇಡುವುದು ಜೀವಕ್ಕೆ ಅಪಾಯ.

ಹೊಸ ಜಾಗಕ್ಕೆ ಮುಕೋನೊ ಜಿಲ್ಲೆಯ ಡುಂಡು, ಎಂಪಿಗಿ ಜಿಲ್ಲೆಯ ಬುಯಾಲಾಗಳ ಹೆಸರು ಕೇಳಿಬಂದಿದೆ. ಎರಡೂ ನಗರದಿಂದ ದೂರ, ಎರಡೂ ಬೇರೆ ಜಿಲ್ಲೆಯವು. ಅಲ್ಲಿ ಜಪಾನಿನ ಫುಕುವೊಕಾ ಪದ್ಧತಿ ಅಳವಡಿಸುವುದು ವಿವೇಕ ಎಂದು ನನ್ನ ಅಭಿಪ್ರಾಯ. ಫುಕುವೊಕಾ ವಿಶ್ವವಿದ್ಯಾಲಯ ಮತ್ತು ನಗರಾಡಳಿತ ಸೇರಿ 1970ರ ದಶಕದಲ್ಲಿ ರೂಪಿಸಿದ್ದು. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ 2017ರ ಮಾರ್ಚ್‌ನಲ್ಲಿ ಕೋಶೆ ಗುಡ್ಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಆ ಜಾಗದ ಸುರಕ್ಷತೆಗೂ ಇದನ್ನೇ ಬಳಸಿದರು. ತಳದಲ್ಲಿ ಮೀನಿನ ಮುಳ್ಳಿನಂತೆ ರಂಧ್ರದ ಕೊಳವೆಗಳನ್ನು ಹಾಸಿ ಮೇಲೆ ಕೈಯಗಲದ ಕಲ್ಲು ತುಂಬುತ್ತಾರೆ. ಕೊಳವೆಯ ಹೊರತುದಿ ಸದಾ ಗಾಳಿಗೆ ತೆರೆದಿರಬೇಕು. ಲೀಚೆಟ್ ತಳದಲ್ಲಿ ನಿಲ್ಲದೆ ಹರಿದುಹೋಗುತ್ತದೆ, ಖಾಲಿಯಾದ ಕೊಳವೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಕೊಳೆತದ ಬಿಸಿಯೇ ಗಾಳಿಯನ್ನು ಮೇಲಕ್ಕೆ ಎಳೆಯುವುದರಿಂದ ಬ್ಲೋವರ್ ಬೇಡ, ವಿದ್ಯುತ್ ಬೇಡ. ಕಸ ಬೇಗ ಕೊಳೆಯುತ್ತದೆ, ಮೀಥೇನ್ ಕಡಿಮೆಯಾಗುತ್ತದೆ. ಕೆಡುವುದು ಎಲ್ಲಿ ಎಂದರೆ ಆ ಹೊರತುದಿಯಲ್ಲಿ: ಲೀಚೆಟ್ ಹೊಂಡ ತುಂಬಿ ಕೊಳವೆಯ ಬಾಯಿ ಮುಳುಗಿದರೆ ಗಾಳಿ ನಿಂತಿತು, ಜಾಗ ಮತ್ತೆ ಹಳೆಯ ತಿಪ್ಪೆಯಾಯಿತು. ಅದಕ್ಕೇ ಹೊಂಡದ ಗಾತ್ರವನ್ನು ಸಾಧಾರಣ ದಿನಕ್ಕಲ್ಲ, ಮಳೆಗಾಲದ ಅತಿ ಕೆಟ್ಟ ವಾರಕ್ಕೆ ಲೆಕ್ಕ ಹಾಕಬೇಕು.

ಇನ್ನು ಸುಟ್ಟು ವಿದ್ಯುತ್ ಮಾಡುವ ಮಾತು. ತಾನೇ ಉರಿಯುವ ಕಸಕ್ಕೆ ಒಂದು ಕಿಲೋಗೆ ಕನಿಷ್ಠ 6ರಿಂದ 7 ಮೆಗಾಜೌಲ್ ಶಾಖ ಬೇಕು. ಕಂಪಾಲಾದಂಥ ಕಸದಲ್ಲಿ ನೀರು 65 ಶೇಕಡಾ ಎಂದಿಟ್ಟುಕೊಳ್ಳಿ. ಉಳಿದ 35 ಶೇಕಡಾ ಒಣ ಪದಾರ್ಥ ಕಿಲೋಗೆ 16 ಮೆಗಾಜೌಲ್ ಕೊಟ್ಟರೆ ಸಿಗುವುದು 5.6. ಅದರಲ್ಲಿ 650 ಗ್ರಾಂ ನೀರನ್ನು ಆವಿ ಮಾಡಲಿಕ್ಕೇ ಸುಮಾರು 1.6 ಖರ್ಚು. ಕೈಗೆ ಉಳಿದದ್ದು 4. ಇದು ತಾನಾಗಿ ಉರಿಯುವುದಿಲ್ಲ. ಡೀಸೆಲ್ ಹಾಕಬೇಕು, ಇಲ್ಲವೆ ಕಸವನ್ನು ದಿನಗಟ್ಟಲೆ ಬಂಕರ್ ಎನ್ನುವ ಸಂಗ್ರಹ ಗುಂಡಿಯಲ್ಲಿ ಸೋಸಲು ಬಿಡಬೇಕು, ಆಗ ಆ ಲೀಚೆಟ್‌ಗೆ ಮತ್ತೊಂದು ಘಟಕ ಬೇಕು. ಅಡಿಸ್ ಅಬಾಬಾ ಕೋಶೆಯ ಪಕ್ಕದಲ್ಲೇ ದಿನಕ್ಕೆ 1,400 ಟನ್ ಸುಡುವ ರೆಪ್ಪಿ ಘಟಕವನ್ನು 2018ರಲ್ಲಿ ಉದ್ಘಾಟಿಸಿತು. ಅಂಥದ್ದನ್ನು ಕಂಪಾಲಾ ಬಯಸುವುದು ಸಹಜ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಎರಡೂ ಮಳೆಗಾಲಗಳಲ್ಲಿ, ಎರಡೂ ಬೇಸಿಗೆಗಳಲ್ಲಿ ಕಸದ ತೇವಾಂಶ ಅಳೆಯಲೇಬೇಕು. ಇಂಥ ಒಪ್ಪಂದಗಳಲ್ಲಿ ನಗರ ಇಷ್ಟು ಟನ್ ಕೊಡಲೇಬೇಕು, ಕೊಡದಿದ್ದರೂ ಹಣ ಕಟ್ಟಬೇಕು ಎಂಬ ಷರತ್ತು ಸಾಮಾನ್ಯ. ಇಪ್ಪತ್ತು ವರ್ಷ ಆ ಷರತ್ತಿಗೆ ಕಟ್ಟುಬಿದ್ದ ನಗರ ಕಸ ಕಡಿಮೆ ಮಾಡುವ, ಬೇರ್ಪಡಿಸುವ ಕೆಲಸಕ್ಕೆ ಕೈಹಾಕುವುದೇ ಇಲ್ಲ. ಸುಟ್ಟ ಮೇಲೂ ಬೂದಿ ಉಳಿಯುತ್ತದೆ, ಹೊಗೆಯಿಂದ ಸೋಸಿದ ಬೂದಿಯಂತೂ ವಿಷ. ಅದಕ್ಕೂ ಭದ್ರವಾದ ಜಾಗ ಬೇಕು.

ಆದ್ದರಿಂದ ಮೊದಲ ಹಣ ಹೋಗಬೇಕಾದದ್ದು ಮಾರುಕಟ್ಟೆಗಳಿಗೆ. ಓವಿನೊ, ನಕಸೆರೊ, ಕಲೆರ್ವೆ, ನಕಾವಾ ಮಾರುಕಟ್ಟೆಗಳಲ್ಲಿ ಹಸಿ ಕಸ ಒಂದೇ ಕಡೆ, ದೊಡ್ಡ ರಾಶಿಯಲ್ಲಿ, ಮನೆ ಕಸಕ್ಕಿಂತ ಸ್ವಚ್ಛವಾಗಿ ಸಿಗುತ್ತದೆ. ಲಕ್ಷಾಂತರ ಮನೆಗಳಿಗೆ ಬೇರ್ಪಡಿಸುವುದನ್ನು ಕಲಿಸುವುದಕ್ಕೆ ವರ್ಷಗಳೇ ಬೇಕು. ಮಾರುಕಟ್ಟೆಯ ಒಂದು ಸಮಿತಿಯನ್ನು ಒಪ್ಪಿಸುವುದು ತಿಂಗಳುಗಳ ಕೆಲಸ. ಗೊನೆಯ ದಿಂಡು, ಸುತ್ತಿದ ಎಲೆಗಳನ್ನು ತೋಟದಲ್ಲೇ ಬಿಟ್ಟು ಕಾಯಿಯನ್ನಷ್ಟೇ ಚಿಪ್ಪು ಮಾಡಿ ತಂದರೆ ಅಷ್ಟು ತೂಕ ನಗರದೊಳಕ್ಕೇ ಬರುವುದಿಲ್ಲ, ಗೊಬ್ಬರವೂ ತೋಟದಲ್ಲೇ ಉಳಿಯುತ್ತದೆ. ಇಳಿಸುವ ಸುಂಕದಲ್ಲಿ ಗೊನೆಗೂ ಚಿಪ್ಪಿಗೂ ವ್ಯತ್ಯಾಸ ಮಾಡಿದರೆ ವ್ಯಾಪಾರಿಗಳೇ ದಾರಿ ಬದಲಿಸುತ್ತಾರೆ.

ಸಿಪ್ಪೆಗೆ ಈಗಾಗಲೇ ಒಂದು ವ್ಯಾಪಾರವಿದೆ. ನಗರದಂಚಿನಲ್ಲಿ ಕೊಟ್ಟಿಗೆಯಲ್ಲೇ ದನ, ಆಡು ಸಾಕುವವರು ಅದನ್ನು ಮೇವಿಗೆ ಕೊಳ್ಳುತ್ತಾರೆ. ಇದನ್ನು ಬೆಳೆಸುವುದು ಹೊಸ ಯಂತ್ರಕ್ಕಿಂತ ಅಗ್ಗ. ತೊಂದರೆ ಎರಡು. ಸಿಪ್ಪೆಯ ಜೊತೆ ಪ್ಲಾಸ್ಟಿಕ್ ಚೂರು ಹೋದರೆ ದನದ ಹೊಟ್ಟೆಯಲ್ಲಿ ಉಳಿಯುತ್ತದೆ. ಎರಡು ದಿನ ರಾಶಿಯಲ್ಲಿ ಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಬೂಸ್ಟಿನ ವಿಷ ಹಾಲಿಗೂ ಬರುತ್ತದೆ. ಸುಲಿದ ದಿನವೇ ಸಾಗಿಸಬೇಕು, ಇಲ್ಲವೆ ನೆರಳುಚಪ್ಪರದಲ್ಲಿ ತೆಳ್ಳಗೆ ಹರಡಿ ಒಣಗಿಸಬೇಕು. ಕಪ್ಪು ಸೈನಿಕ ನೊಣದ ಹುಳುಗಳಿಗೆ ಉಣಿಸಿ ಕೋಳಿ, ಮೀನಿನ ಮೇವು ಮಾಡುವ ದಾರಿಯೂ ಇದೆ. ಎರಡು ವಾರದಲ್ಲಿ ಹುಳು ಕೊಯ್ಲಿಗೆ ಬರುತ್ತದೆ, ಕಸ ಅರ್ಧಕ್ಕೂ ಕಡಿಮೆಯಾಗುತ್ತದೆ. ಬರೀ ಬಾಳೆ ಸಿಪ್ಪೆ ಹಾಕಿದವರು ಮಾತ್ರ ಸೋಲುತ್ತಾರೆ, ಏಕೆಂದರೆ ಅದರಲ್ಲಿ ನಾರು ಹೆಚ್ಚು, ಪ್ರೋಟೀನ್ ಕಡಿಮೆ. ಹುಳು ಬೆಳೆಯಲು ತಡವಾಗುತ್ತದೆ. ಬಿಯರ್ ತಯಾರಿಕೆಯ ಚರಟವನ್ನೋ ಹೋಟೆಲಿನ ಅನ್ನವನ್ನೋ ಬೆರೆಸಬೇಕು.

ಉಗಾಂಡಕ್ಕೆ ಕಾಂಪೋಸ್ಟ್ ಹೊಸದೂ ಅಲ್ಲ. ಜಿಂಜಾ, ಎಂಬಾಲೆ, ಮುಕೋನೊ ಮುಂತಾದ ಪಟ್ಟಣಗಳಲ್ಲಿ ರಾಷ್ಟ್ರೀಯ ಪರಿಸರ ಪ್ರಾಧಿಕಾರ ನೇಮಾ ವಿಶ್ವ ಬ್ಯಾಂಕಿನ ನೆರವಿನಿಂದ ಘಟಕಗಳನ್ನು ಕಟ್ಟಿಸಿತು. ಅಲ್ಲಿಂದ ಕಲಿಯಬೇಕಾದದ್ದು ಇಷ್ಟು: ಬೆರಕೆ ಕಸ ತಂದು ಆಮೇಲೆ ಜರಡಿ ಹಿಡಿದ ಗೊಬ್ಬರದಲ್ಲಿ ಗಾಜು, ಪ್ಲಾಸ್ಟಿಕ್ ಉಳಿಯುತ್ತದೆ, ಅದನ್ನು ರೈತರು ಒಮ್ಮೆ ಕೊಂಡರೆ ಎರಡನೆಯ ಸಲ ಕೊಳ್ಳುವುದಿಲ್ಲ.

ಸಂಗ್ರಹಣೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹಣ ಕೊಡುವ ಕೊಲೊಲೊ, ನಕಸೆರೊದಂಥ ಬಡಾವಣೆಗಳಿಗೆ ಖಾಸಗಿ ಲಾರಿ ತಾನಾಗಿ ಹೋಗುತ್ತದೆ. ಬ್ವೈಸೆ, ಕಾಟ್ವೆ, ಕಿಸೆನ್ಯಿಯ ಓಣಿಗಳಿಗೆ ಲಾರಿ ನುಗ್ಗುವುದೂ ಇಲ್ಲ, ಅಲ್ಲಿನವರಿಗೆ ತಿಂಗಳ ಶುಲ್ಕ ಕಟ್ಟುವ ಶಕ್ತಿಯೂ ಕಡಿಮೆ. ಅಲ್ಲಿನ ಕಸ ಚರಂಡಿಗೆ ಬೀಳುತ್ತದೆ ಇಲ್ಲವೆ ಅದನ್ನು ಸುಡುತ್ತಾರೆ. ಸುಟ್ಟದ್ದು ನಗರದ ಗಾಳಿಗೆ ಸೇರುತ್ತದೆ. ಮಕೆರೆರೆ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಶುರುವಾದ ಏರ್‌ಕ್ಯೂ ತಂಡದ ಅಗ್ಗದ ಮಾಪಕಗಳು ಸೂಕ್ಷ್ಮ ಕಣಗಳ ಮಟ್ಟ ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿಗಿಂತ, ಅಂದರೆ ಘನ ಮೀಟರಿಗೆ 5 ಮೈಕ್ರೋಗ್ರಾಂಗಿಂತ, ಹಲವು ಪಟ್ಟು ಇದೆ ಎಂದು ತೋರಿಸುತ್ತ ಬಂದಿವೆ. ಚರಂಡಿಗೆ ಬಿದ್ದದ್ದು ನಕಿವುಬೊ ಕಾಲುವೆ ಹಿಡಿದು ಜೌಗು ದಾಟಿ ವಿಕ್ಟೋರಿಯಾ ಸರೋವರದ ಮರ್ಚಿಸನ್ ಕೊಲ್ಲಿಗೆ ಹೋಗುತ್ತದೆ. ಅದೇ ಕೊಲ್ಲಿಯ ಗಬಾದಿಂದ ನಗರ ಕುಡಿಯುವ ನೀರು ಎತ್ತುತ್ತದೆ. ಅಲ್ಲಿನ ನೀರು ಕೆಟ್ಟಷ್ಟೂ ಶುದ್ಧೀಕರಣದ ಖರ್ಚು ಏರುತ್ತದೆ. ದೂರದ ಕಟೋಸಿಯಲ್ಲಿ ಹೊಸ ನೀರಿನ ಘಟಕ ಕಟ್ಟಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ಬಡವರ ಓಣಿಯ ಕಸ ಎತ್ತಲು ಕೊಡುವ ಸಹಾಯಧನ ದಾನವಲ್ಲ, ನೀರಿನ ಬಿಲ್ಲಿನಲ್ಲಿ ಉಳಿಯುವ ದುಡ್ಡು. ಕೈಗಾಡಿ, ಮೂರು ಚಕ್ರದ ಗಾಡಿಯವರಿಗೆ ತೂಕದ ಲೆಕ್ಕದಲ್ಲಿ ಹಣ ಕೊಟ್ಟು, ಹತ್ತಿರದ ವರ್ಗಾವಣೆ ಕೇಂದ್ರಕ್ಕೆ ತರಿಸಬೇಕು. ದಿನಕ್ಕೆ 100 ಟನ್ನನ್ನು 5 ಟನ್ ಲಾರಿಗಳಲ್ಲಿ ದೂರ ಸಾಗಿಸಲು 20 ಓಡಾಟ; ಕೇಂದ್ರದಲ್ಲಿ 20 ಟನ್ ವಾಹನಕ್ಕೆ ತುಂಬಿದರೆ ಐದೇ. ತೂಕದ ಹಣಕ್ಕೂ ಒಂದು ಎಚ್ಚರ ಬೇಕು: ಮಳೆ ನೀರು ಕುಡಿದ ಕಸಕ್ಕೆ ಹೆಚ್ಚು ಹಣ ಸಿಗುತ್ತದೆ. ಗಾಡಿಗೆ ಮುಚ್ಚಳ ಕಡ್ಡಾಯ ಮಾಡಿ, ಹಸಿ ಕಸಕ್ಕೂ ಒಣ ಕಸಕ್ಕೂ ದರ ಬೇರೆ ಇಡಬೇಕು.

ಪ್ಲಾಸ್ಟಿಕ್ ಚೀಲ, ಅಲ್ಲಿನವರು ಕವೇರಾ ಎನ್ನುವುದು. 2019ರ ಪರಿಸರ ಕಾಯ್ದೆಯಲ್ಲಿ ಉಗಾಂಡ ನಿಷೇಧಿಸಿದ್ದು 30 ಮೈಕ್ರಾನ್‌ಗಿಂತ ತೆಳುವಾದದ್ದನ್ನು. ಬಾಳೆಕಾಯಿ ಮಾರುವ ಅಮ್ಮನಾಗಲಿ ಪೊಲೀಸರಾಗಲಿ ಚೀಲ 28 ಮೈಕ್ರಾನೋ 32ಓ ಎಂದು ಕಣ್ಣಿಂದ ಹೇಳಲಾರರು. ಅಳೆಯಲು ಮೈಕ್ರೋಮೀಟರ್ ಬೇಕಾಗುವ ಕಾನೂನು ಸಂತೆಯಲ್ಲಿ ನಡೆಯುವುದಿಲ್ಲ. ರುವಾಂಡ 2008ರಲ್ಲಿ, ಕೆನ್ಯಾ 2017ರ ಆಗಸ್ಟ್‌ನಲ್ಲಿ ದಪ್ಪ ನೋಡದೆ ಕೈಚೀಲಗಳನ್ನು ನಿಲ್ಲಿಸಿದವು. ಕೆನ್ಯಾದಲ್ಲಿ ದಂಡ 40 ಲಕ್ಷ ಶಿಲ್ಲಿಂಗ್‌ವರೆಗೆ, ಜೈಲು ನಾಲ್ಕು ವರ್ಷದವರೆಗೆ. ಕರ್ನಾಟಕದ 2016ರ ಆದೇಶವೂ ದಪ್ಪದ ಗೊಡವೆಗೆ ಹೋಗಲಿಲ್ಲ. ಆದರೂ ಚೀಲ ಮರಳಿ ಬಂದಿತು, ಏಕೆಂದರೆ ಅಂಗಡಿಯವರನ್ನು ಹಿಡಿದಷ್ಟು ಸುಲಭವಾಗಿ ತಯಾರಕರನ್ನು ಹಿಡಿಯಲಿಲ್ಲ. ತಪಾಸಣೆ ಶುರುವಾಗಬೇಕಾದದ್ದು ಕಾರ್ಖಾನೆಯ ಬಾಗಿಲಲ್ಲಿ, ಗಡಿಯ ಕಸ್ಟಮ್ಸ್‌ನಲ್ಲಿ. ಕಂಪಾಲಾದಲ್ಲಿ ಇನ್ನೊಂದು ತೊಡಕಿದೆ: ಮಟೋಕೆಯನ್ನು ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಪದ್ಧತಿಯ ಜಾಗಕ್ಕೆ ಕವೇರಾ ಬಂದಿದೆ. ಬಿಸಿ ಅಡುಗೆಗೆ ತಾಗಿದ ಪ್ಲಾಸ್ಟಿಕ್ ಆರೋಗ್ಯಕ್ಕೆ ಕೆಡುಕು, ಸಿಪ್ಪೆಯ ಜೊತೆ ಬೆರೆತು ಗೊಬ್ಬರಕ್ಕೂ ಕೆಡುಕು.

ಕೊನೆಗೆ ನಿಮ್ಮ 24 ಮನೆಗಳು. ನೂರು ಜನರೆಂದರೆ ದಿನಕ್ಕೆ 50ರಿಂದ 60 ಕಿಲೋ ಕಸ, ಅದರಲ್ಲಿ 40 ಕಿಲೋ ಹಸಿಯದು. ಒಂದೊಂದು ಮೀಟರ್ ಉದ್ದ, ಅಗಲ, ಎತ್ತರದ ನಾಲ್ಕು ಹಲಗೆ ಪೆಟ್ಟಿಗೆಗಳು ಸಾಕು. ಹಲಗೆಗಳ ನಡುವೆ ಬೆರಳಗಲ ಸಂದು ಬಿಡಿ, ಮೇಲೆ ತಗಡಿನ ಮಾಡು ಹಾಕಿಸಿ. ಮಾಡಿಲ್ಲದೆ ಕಂಪಾಲಾದ ಮಳೆಯಲ್ಲಿ ಕಾಂಪೋಸ್ಟ್ ಆಗುವುದಿಲ್ಲ. ತಳಕ್ಕೆ ಒಂದು ಗೇಣು ಒಣ ಕಡ್ಡಿ ಹಾಸಿ. ಎರಡು ಬುಟ್ಟಿ ಹಸಿ ಕಸಕ್ಕೆ ಒಂದು ಬುಟ್ಟಿ ಕಾಫಿ ಹೊಟ್ಟು, ಮರದ ಪುಡಿ ಅಥವಾ ಒಣ ಎಲೆ ಬೆರೆಸಿ. ಸಿಪ್ಪೆಯನ್ನು ಎರಡು ಅಂಗುಲದಷ್ಟು ಕತ್ತರಿಸಿದರೆ ಬೇಗ ಕೊಳೆಯುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿನಲ್ಲಿ ತೇವ ಕಾಣಬೇಕು, ನೀರು ತೊಟ್ಟಿಕ್ಕಬಾರದು. ಪ್ರತಿ ದಿನದ ಕಸದ ಮೇಲೆ ಎರಡು ಅಂಗುಲ ಒಣ ಹೊಟ್ಟು ಮುಚ್ಚಿದರೆ ನೊಣ ಕೂರುವುದಿಲ್ಲ. ಮೂರ್ನಾಲ್ಕು ದಿನದಲ್ಲಿ ನಡುಭಾಗ 55 ಡಿಗ್ರಿ ಸೆಲ್ಸಿಯಸ್ ದಾಟಬೇಕು. ದಾಟದಿದ್ದರೆ ಒಂದೋ ತೀರ ಒದ್ದೆ, ಇಲ್ಲವೆ ರಾಶಿ ಚಿಕ್ಕದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ತಿರುವಿ ಹಾಕಿ. ಮೂಗಿಗೆ ಹೊಡೆಯುವ ಅಮೋನಿಯಾ ಬಂದರೆ ಹೊಟ್ಟು ಸಾಲದು. ಒಂದು ಪೆಟ್ಟಿಗೆ ತುಂಬಲು ಸುಮಾರು ಎರಡು ವಾರ. ನಾಲ್ಕನೆಯದು ತುಂಬುವ ಹೊತ್ತಿಗೆ ಮೊದಲನೆಯದಕ್ಕೆ ಆರು ವಾರವಾಗಿರುತ್ತದೆ, ವಾರಕ್ಕೊಮ್ಮೆ ತಿರುವಿದ್ದರೆ ಅದು ಮಣ್ಣಿನ ವಾಸನೆಗೆ ಬಂದಿರುತ್ತದೆ.

ಉಳಿದ ಒಣ ಕಸವನ್ನು ಒಯ್ಯುವವರೊಂದಿಗೆ ಕರಾರು ಬರೆಯುವಾಗ ಮೂರು ವಿಷಯ ಕೇಳಿ: ಯಾವ ಜಾಗಕ್ಕೆ ಒಯ್ಯುತ್ತೀರಿ, ಅಲ್ಲಿನ ತೂಕದ ಚೀಟಿಯ ಪ್ರತಿ ಕೊಡುತ್ತೀರಾ, ಗಾಡಿಗೆ ನೇಮಾ ಪರವಾನಗಿ ಇದೆಯೆ. ಚೀಟಿ ಕೊಡದ ಗಾಡಿಯ ಕಸ ಎಲ್ಲೋ ಒಂದು ಚರಂಡಿಯಲ್ಲಿ ಬಿದ್ದಿರುವ ಸಾಧ್ಯತೆ ಹೆಚ್ಚು. ನಿಮ್ಮ ಹಸಿ ಕಸ ಅಂಗಳದಲ್ಲೇ ಉಳಿದ ಮೇಲೆ ಗಾಡಿ ದಿನಾ ಬರಬೇಕಿಲ್ಲ, ವಾರಕ್ಕೆ ಎರಡು ಸಲ ಬಂದರೆ ಸಾಕು. ತಿಂಗಳ ದರವನ್ನು ಆ ಲೆಕ್ಕದಲ್ಲಿ ಇಳಿಸಲು ಕೇಳಿ.